ಬಣ್ಣದ ಚಿತ್ರ ಮಾಲೀಕನಿಗೆ, ಬರೀ ಗೆರೆ ಗವಂಡಿಗೆ!

ಶಹಾಬಜಾರದ ಯಾವ ಗಲ್ಲಿ ಹೊಕ್ಕರೂ ಈಗ ಒಂದಾದರೂ ಮನೆಯ ಕೆಲಸ ನಡೆದಿರುತ್ತದೆ. ಹಳೆಯ ಮಣ್ಣಿನ ಮಾಳಿಗೆ ಇಳಿಸಿ ಕಾಂಕ್ರೀಟು ಏರಿಸುವವರು, ಅಣ್ಣತಮ್ಮಂದಿರ ಪಾಲಿನಲ್ಲಿ ಬಂದ 20 ಅಡಿ ಅಗಲದ ತುಂಡು ಜಾಗದಲ್ಲಿ ಎರಡು ಅಂತಸ್ತು ಎಬ್ಬಿಸುವವರು, ನಿವೃತ್ತಿಯ ಹಣ ಕೈಗೆ ಬಂದ ತಿಂಗಳೇ ಪಾಯ ತೋಡಿಸುವವರು. ಉಸುಕು, ಖಡಿ, ಸಲಾಕೆಗಳ ರಾಶಿಯ ನಡುವೆ ಎರಡು ಬಡಿಗೆ ನೆಟ್ಟು ಒಂದು ಫ್ಲೆಕ್ಸ್ ಕಟ್ಟಿರುತ್ತಾರೆ. ಅದರಲ್ಲಿ ಮುಂದೆ ಆಗಬೇಕಾದ ಮನೆಯ ಬಣ್ಣದ ಚಿತ್ರ. ಆಕಾಶ ತಿಳಿನೀಲಿ, ಅಂಗಳದಲ್ಲಿ ಹಸಿರು ಹುಲ್ಲು, ಬಾಗಿಲ ಮುಂದೆ ಆ ಗಲ್ಲಿಯಲ್ಲಿ ತಿರುಗಲಾರದಷ್ಟು ಉದ್ದದ ಕಾರು! ಹಾದುಹೋಗುವವರು ನಿಂತು ನೋಡುತ್ತಾರೆ. ಮನೆಯವರು ದಿನಕ್ಕೆ ನಾಲ್ಕು ಸಲ ನೋಡುತ್ತಾರೆ. ಇದಕ್ಕೆ ಎಲ್ಲರೂ 'ತ್ರೀಡಿ' ಎನ್ನುತ್ತಾರೆ.

ಅದೇ ಜಾಗದಲ್ಲಿ ಗವಂಡಿಯ ಕೈಯಲ್ಲಿ ಇನ್ನೊಂದು ಕಾಗದವಿರುತ್ತದೆ. ನಾಲ್ಕು ಮಡಿಕೆಯಾಗಿ, ಮಡಿಕೆಯ ಗೆರೆಯಲ್ಲಿ ಹರಿದು, ಸಿಮೆಂಟಿನ ಕೈಗುರುತು ಬಿದ್ದ ಕಾಗದ. ಅದರಲ್ಲಿ ಬಣ್ಣವಿಲ್ಲ, ಆಕಾಶವಿಲ್ಲ. ಮೇಲಿನಿಂದ ಕಂಡಂತೆ ಒಂದು ಪ್ಲ್ಯಾನ್, ಎದುರಿನಿಂದ ಕಂಡಂತೆ ಒಂದು ಎಲಿವೇಷನ್, ನಡುವೆ ಸೀಳಿದಂತೆ ಒಂದು ಸೆಕ್ಷನ್, ಪಕ್ಕದಲ್ಲಿ ಬಾಗಿಲು ಕಿಟಕಿಗಳ ಪಟ್ಟಿ. ಮನೆ ನಿಜವಾಗಿ ಏಳುವುದು ಈ ಕಾಗದದಿಂದ. ಬಣ್ಣದ ಚಿತ್ರ ನೋಡಿ ಯಾರೂ ಒಂದು ಇಟ್ಟಿಗೆಯನ್ನೂ ಇಡುವುದಿಲ್ಲ.

ವಿಚಿತ್ರವೆಂದರೆ, ಕಂಪ್ಯೂಟರಿನೊಳಗೆ ಇಡೀ ಮನೆ ಮೂರು ಆಯಾಮಗಳಲ್ಲಿ ತಯಾರಾಗಿಯೇ ಇರುತ್ತದೆ. ಗೋಡೆಯ ದಪ್ಪ, ಮೆಟ್ಟಿಲಿನ ಎತ್ತರ, ತೊಲೆಯ ಆಳ ಎಲ್ಲವನ್ನೂ ಅದರಲ್ಲಿ ಇಡಬಹುದು. ಅದನ್ನು ಯಾವ ದಿಕ್ಕಿನಿಂದ ಬೇಕಾದರೂ ತಿರುಗಿಸಬಹುದು, ಎಲ್ಲಿ ಬೇಕಾದರೂ ಕೊಯ್ಯಬಹುದು, ಮೇಲಿನ ಛಾವಣಿಯನ್ನು ಡಬ್ಬಿಯ ಮುಚ್ಚಳದಂತೆ ಎತ್ತಿಡಬಹುದು. ಇಷ್ಟು ಶಕ್ತಿಯಿರುವ ಮಾದರಿಯಿಂದ ತೆಗೆಯುವುದೇನು? ರಸ್ತೆಯ ಕಡೆಯ ಒಂದೇ ಒಂದು ಚೆಂದದ ನೋಟ! ಅದೂ ಮನೆಯನ್ನು ಕಟ್ಟದವರಿಗೆ ತೋರಿಸುವುದಕ್ಕೆ. ಕಟ್ಟುವವನಿಗೆ ಮಾತ್ರ ಹಳೆಯ ಚಪ್ಪಟೆ ಗೆರೆಗಳು. ಮದುಮಗಳ ಮುಖಕ್ಕೆ ಬಣ್ಣ ಬಳಿಯುವುದರಲ್ಲೇ ಎಲ್ಲರೂ ಮಗ್ನರಾಗಿ ಅಡುಗೆಯವನಿಗೆ ಎಷ್ಟು ಜನ ಊಟಕ್ಕೆ ಎಂದು ಹೇಳದೆ ಬಿಟ್ಟಂತೆ ಇದು.

ಚಪ್ಪಟೆ ಗೆರೆಗಳನ್ನು ಹಗುರವಾಗಿ ಕಾಣಬೇಕಿಲ್ಲ. ಘನವಸ್ತುವನ್ನು ಒಂದಕ್ಕೊಂದು ಲಂಬವಾದ ಎರಡು ಸಮತಲಗಳ ಮೇಲೆ ಇಳಿಸಿ ಕಾಗದಕ್ಕೆ ತರುವ ಕ್ರಮವನ್ನು ಶಾಸ್ತ್ರವಾಗಿ ಕಟ್ಟಿದವನು ಫ್ರಾನ್ಸಿನ ಗಾಸ್ಪರ್ ಮಾಂಜ್. ಮೆಜಿಯೇರ್‌ನ ಸೈನಿಕ ಶಾಲೆಯಲ್ಲಿ ಕೋಟೆಯ ಲೆಕ್ಕ ಬಿಡಿಸಲು ಅವನು ಇದನ್ನು ಕಂಡುಕೊಂಡಾಗ ಅದನ್ನು ಬಹುಕಾಲ ಸೈನ್ಯದ ಗುಟ್ಟಾಗಿಯೇ ಇಟ್ಟಿದ್ದರು. 1795ರಲ್ಲಿ ಅವನು ಪಾಠ ಹೇಳಿದ, 1799ರಲ್ಲಿ ಪುಸ್ತಕ ಬಂತು. ಇಂದು ಕಲಬುರಗಿಯ ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜಿನಿಂದ ಹಿಡಿದು ಯಾವ ಪಾಲಿಟೆಕ್ನಿಕ್‌ಗೆ ಸೇರಿದ ಹುಡುಗನಾದರೂ ಮೊದಲ ವರ್ಷ ಹೆಣಗುವುದು ಮಾಂಜ್‌ನ ಈ ಗುಟ್ಟಿನ ಜೊತೆಗೇ. ಅಳತೆಯ ನಿಖರತೆಗೆ ಇದಕ್ಕೆ ಸಾಟಿಯಿಲ್ಲ. ಗೆರೆ ಎಷ್ಟುದ್ದವೋ ಗೋಡೆ ಅಷ್ಟುದ್ದ.

ಆದರೆ ಇದಕ್ಕೊಂದು ಬೆಲೆಯಿದೆ. ಪ್ಲ್ಯಾನಿನಲ್ಲಿ ಎತ್ತರ ಸತ್ತುಹೋಗುತ್ತದೆ. ಎಲಿವೇಷನ್ನಿನಲ್ಲಿ ಆಳ ಸತ್ತುಹೋಗುತ್ತದೆ. ಸತ್ತದ್ದನ್ನು ಬದುಕಿಸುವ ಕೆಲಸ ಓದುವವನ ತಲೆಯದು. ಎರಡು ಮೂರು ನೋಟಗಳನ್ನು ಮನಸ್ಸಿನಲ್ಲೇ ಜೋಡಿಸಿ ಮನೆಯನ್ನು ನಿಲ್ಲಿಸಿಕೊಳ್ಳಬೇಕು. ಈ ಶಕ್ತಿ ಅಭ್ಯಾಸದಿಂದ ಬರುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಅಳತೆಯಲ್ಲಿ ಬರುತ್ತದೆ. ಲೆಕ್ಕದಲ್ಲಿ ನೂರಕ್ಕೆ ತೊಂಬತ್ತು ತೆಗೆಯುವ ಹುಡುಗ ಒಂದು ಶಂಕುವನ್ನು ಓರೆಯಾಗಿ ಕೊಯ್ದರೆ ಏನು ಕಾಣುತ್ತದೆ ಎಂದು ಕೇಳಿದಾಗ ತಲೆ ಕೆರೆದುಕೊಳ್ಳುವುದುಂಟು. ಅದೇ ತರಗತಿಯ ಕೊನೆಯ ಬೆಂಚಿನ ಬಡಿಗರ ಹುಡುಗ ಥಟ್ಟನೆ ಗೆರೆ ಎಳೆದು ತೋರಿಸುವುದೂ ಉಂಟು. ಹಾಗಿರುವಾಗ ಲಕ್ಷಾಂತರ ರೂಪಾಯಿಯ ಮನೆ, ಅದರ ಮಾಲೀಕ, ಗವಂಡಿ, ಸೆಂಟ್ರಿಂಗಿನವನು, ನಲ್ಲಿ ಜೋಡಿಸುವವನು, ಕರೆಂಟಿನವನು ಎಲ್ಲರೂ ತಮ್ಮತಮ್ಮ ತಲೆಯಲ್ಲಿ ಒಂದೇ ಮನೆಯನ್ನು ಕಟ್ಟಿಕೊಂಡಿದ್ದಾರೆ ಎಂದು ನಂಬುವುದು ದೊಡ್ಡ ಧೈರ್ಯವೇ ಸರಿ.

ಶಹಾಬಜಾರದಲ್ಲೇ ನಡೆದ ಒಂದು ಮನೆಯ ಮಾತು ಇಲ್ಲಿ ಹೇಳಬೇಕು. ಹೆಸರುಗಳು ಬೇಡ. ತಂದೆ ಸರ್ಕಾರಿ ಕಚೇರಿಯಿಂದ ನಿವೃತ್ತರಾದ ಗುಮಾಸ್ತರು. ಮನೆಯಲ್ಲಿ ಎಂಬತ್ತರ ಹತ್ತಿರದ ಆಯಿ. ಮಗಳು ಸಿವಿಲ್ ಡಿಪ್ಲೊಮಾದ ಎರಡನೆಯ ವರ್ಷ. ಆಯಿಗೆ ಬೇಕಾದದ್ದು ಒಂದೇ, ಹಿತ್ತಲಿಗೆ ಹೋಗಲು ಒಂದು ಬಾಗಿಲು. ಅಲ್ಲಿ ತುಳಸಿ, ಬಚ್ಚಲು, ಬಟ್ಟೆ ಒಗೆಯುವ ಕಲ್ಲು. ನಕ್ಷೆ ಬರೆದವರು ಜಾಗದ ಇಕ್ಕಟ್ಟನ್ನು ಜಾಣತನದಿಂದ ಬಿಡಿಸಿದ್ದರು. ಹಿಂದಿನ ಗೋಡೆಗೆ ತಾಗಿ ಮೆಟ್ಟಿಲು, ಮೆಟ್ಟಿಲು ತಿರುಗುವಲ್ಲಿರುವ ಕಟ್ಟೆಯ ಕೆಳಗೆ ಹಿತ್ತಲ ಬಾಗಿಲು. ಪ್ಲ್ಯಾನಿನಲ್ಲಿ ನೋಡಿದರೆ ಬಲು ಅಚ್ಚುಕಟ್ಟು. ಬಾಗಿಲಿನ ಜಾಗದಲ್ಲಿ ಗೋಡೆ ಬಿಟ್ಟಿದೆ, ಬಾಗಿಲು ತೆರೆಯುವ ಕಮಾನು ಗೆರೆಯೂ ಇದೆ. ಪಟ್ಟಿಯಲ್ಲಿ 3 ಅಡಿ ಅಗಲ, 7 ಅಡಿ ಎತ್ತರ ಎಂದು ಬರೆದಿದೆ.

ಈಗ ಸ್ವಲ್ಪ ಲೆಕ್ಕ. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ 10 ಅಡಿ 6 ಇಂಚು, ಅಂದರೆ 126 ಇಂಚು. ಒಂದು ಮೆಟ್ಟಿಲು 7 ಇಂಚು ಎತ್ತರವಾದರೆ 18 ಮೆಟ್ಟಿಲು. ಅರ್ಧಕ್ಕೆ ತಿರುಗುವ ಮೆಟ್ಟಿಲಾದ್ದರಿಂದ ಮೊದಲ ಸಾಲಿನಲ್ಲಿ 9, ಎರಡನೆಯ ಸಾಲಿನಲ್ಲಿ 9. ತಿರುಗುವ ಕಟ್ಟೆ ಇರುವುದು 9 ಗುಣಿಸು 7, ಅಂದರೆ 63 ಇಂಚು ಎತ್ತರದಲ್ಲಿ. ಅದರ ಕಾಂಕ್ರೀಟು 5 ಇಂಚು ದಪ್ಪ. ಅದನ್ನು ಕಳೆದರೆ ಕೆಳಗೆ ಉಳಿಯುವುದು 58 ಇಂಚು. ಅಂದರೆ 4 ಅಡಿ 10 ಇಂಚು! 7 ಅಡಿಯ ಬಾಗಿಲು ಅಲ್ಲಿ ನಿಲ್ಲುವುದು ಹೇಗೆ?

ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪ್ಲ್ಯಾನ್ ಎಂಬುದು ಮನೆಯನ್ನು ಸುಮಾರು ಎದೆಮಟ್ಟಕ್ಕೆ ಅಡ್ಡ ಕೊಯ್ದು ಮೇಲಿನಿಂದ ನೋಡಿದ ನೋಟ; ತಲೆಗೆ ತಾಗುವುದೆಲ್ಲ ಕೊಯ್ದ ಗೆರೆಯ ಮೇಲುಗಡೆ ಹೋಗಿಬಿಟ್ಟಿರುತ್ತದೆ. ಸೆಕ್ಷನ್ ಇತ್ತು, ನಿಜ. ಆದರೆ ಅದನ್ನು ಹಾಲ್ ಮತ್ತು ಮುಂಬಾಗಿಲಿನ ಮೂಲಕ ಕೊಯ್ದಿದ್ದರು, ಮೆಟ್ಟಿಲಿನ ಮೂಲಕ ಅಲ್ಲ. ಬಣ್ಣದ ಚಿತ್ರವಂತೂ ರಸ್ತೆಯ ಕಡೆಯದು. ಹೀಗೆ ಮೂರು ನೋಟಗಳೂ ತಪ್ಪಿಲ್ಲದೆ ಇದ್ದು, ಮೂರೂ ಸೇರಿ ಒಂದು ಅಸಾಧ್ಯವಾದ ಬಾಗಿಲನ್ನು ಮುಚ್ಚಿಟ್ಟಿದ್ದವು.

ಮಗಳಿಗೆ ಅದು ಗೊತ್ತಾದದ್ದು ಮನೆಯ ಚಿಂತೆಯಿಂದಲ್ಲ. ಕಾಲೇಜಿನಲ್ಲಿ ಒಂದು ಮಾದರಿ ಮಾಡಿ ಒಪ್ಪಿಸಬೇಕಿತ್ತು. ಹೇಗೂ ಮನೆಯ ನಕ್ಷೆ ಇದೆಯಲ್ಲ ಎಂದು ಪುಸ್ತಕದ ರಟ್ಟು, ಅಂಟು, ಬ್ಲೇಡು ಹಿಡಿದು ಕುಳಿತಳು. 2 ಅಡಿಗೆ 1 ಇಂಚಿನ ಲೆಕ್ಕ. ಮನೆಯಲ್ಲಿ ಮನುಷ್ಯರೂ ಬೇಕಲ್ಲ? 5 ಅಡಿಯ ಆಯಿಗೆ ಎರಡೂವರೆ ಇಂಚಿನ ಸೀಮೆಸುಣ್ಣದ ತುಂಡು. ಆ ಸೀಮೆಸುಣ್ಣದ ಆಯಿಯನ್ನು ಹಾಲಿನಿಂದ ನಡೆಸಿಕೊಂಡು ಬಂದು ಹಿತ್ತಲಿಗೆ ದಾಟಿಸಲು ಹೋದರೆ ತಲೆ ತಾಗಿ ನಿಂತಿತು. ಮೊದಲು ತಾನೇ ಅಳತೆ ತಪ್ಪಿದೆನೇನೋ ಎಂದುಕೊಂಡಳು. ಮತ್ತೆ ಅಳೆದಳು, ಮತ್ತೆ ತಾಗಿತು. ಮರುದಿನ ರಟ್ಟಿನ ಮನೆಯನ್ನು ಎತ್ತಿಕೊಂಡು ಕೆಲಸದ ಜಾಗಕ್ಕೆ ಹೋದಳು. ಗವಂಡಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ. ಬಗ್ಗಿ ಒಂದು ಸಲ ನೋಡಿದವನೇ, "ಆಯಿ ಬಗ್ಗಿ ಹೋಗಬೇಕಾಗ್ತದಲ್ಲವ್ವ! ಇದನ್ನ ಪಾಯಾ ಹಾಕೂಕಿಂತ ಮೊದಲ ತೋರಿಸಿದ್ರ ಆಗ್ತಿತ್ತು" ಎಂದ.

ಸೆಂಟ್ರಿಂಗ್ ಇನ್ನೂ ಆಗಿರಲಿಲ್ಲ, ಪುಣ್ಯ. ಮೊದಲ ಸಾಲಿಗೆ 12 ಮೆಟ್ಟಿಲು, ಎರಡನೆಯದಕ್ಕೆ 6 ಎಂದು ಬದಲಿಸಿದರು. ಕಟ್ಟೆ 84 ಇಂಚಿಗೆ ಏರಿತು, ಕೆಳಗೆ 79 ಇಂಚು ಸಿಕ್ಕಿತು. ಕಟ್ಟೆಯ ಕೆಳಗಿನ ನೆಲವನ್ನು ಹಿತ್ತಲ ಕಡೆಗೆ ಒಂದು ಮೆಟ್ಟಿಲಿನಷ್ಟು ತಗ್ಗಿಸಿದ್ದರಿಂದ 86 ಇಂಚಾಯಿತು. ಅಂದರೆ 7 ಅಡಿ 2 ಇಂಚು. ರಾಷ್ಟ್ರೀಯ ಕಟ್ಟಡ ಸಂಹಿತೆ ಕೇಳುವ 2.2 ಮೀಟರಿಗೆ ಅರ್ಧ ಇಂಚಿನಷ್ಟು ಮಾತ್ರ ಕಡಿಮೆ, ಅದನ್ನು ನೆಲದ ಇಳಿಜಾರಿನಲ್ಲಿ ಸರಿದೂಗಿಸಿದರು. ಬಾಗಿಲು ಮಾತ್ರ ಚೌಕಟ್ಟು ಸೇರಿ ಆರೂವರೆ ಅಡಿಗೆ ಇಳಿಯಿತು. ಮೊದಲು 9 ಅಡಿ 8 ಇಂಚಿನಲ್ಲಿ ಮುಗಿಯುತ್ತಿದ್ದ ಮೆಟ್ಟಿಲು ಈಗ 12 ಅಡಿ 2 ಇಂಚು ಬೇಡಿತು. ಆ ಎರಡೂವರೆ ಅಡಿಯನ್ನು ಕಾಳಿನ ಕೋಣೆ ಬಿಟ್ಟುಕೊಟ್ಟಿತು. ಜೋಳದ ಚೀಲಗಳಿಗೆ ಜಾಗ ಕಡಿಮೆಯಾದದ್ದಕ್ಕೆ ಆಯಿ ಎರಡು ದಿನ ಗೊಣಗಿದರು. ಕಾಂಕ್ರೀಟು ಸುರಿದ ಮೇಲೆ ಗೊತ್ತಾಗಿದ್ದರೆ ಗೊಣಗುವುದು ನಿವೃತ್ತಿ ಹಣದ ಪಾಸ್‌ಬುಕ್ಕಾಗಿರುತ್ತಿತ್ತು.

ಈ ಮೆಟ್ಟಿಲಿನ ಒಂದು ಓರೆ ನೋಟವನ್ನು, ಪಕ್ಕದ ಗೋಡೆ ತೆಗೆದು, ಕೆಳಗೆ ಒಬ್ಬ ಮನುಷ್ಯನನ್ನು ನಿಲ್ಲಿಸಿ, ಕೆಲಸದ ನಕ್ಷೆಯ ಒಂದು ಮೂಲೆಯಲ್ಲಿ ಅಚ್ಚು ಹಾಕಿದ್ದರೆ ಸಾಕಿತ್ತು. ಕಂಪ್ಯೂಟರಿನಲ್ಲಿ ಮಾದರಿ ಇದ್ದರೆ ಇದು ಅರ್ಧ ತಾಸಿನ ಕೆಲಸವೂ ಅಲ್ಲ. ಮೂರು ಆಯಾಮದ ಮಾದರಿಯನ್ನು ಕಟ್ಟಡದ ನಕ್ಷೆಯಲ್ಲಿ ಪೂರ್ತಿಯಾಗಿ ದುಡಿಸಿಕೊಳ್ಳಬೇಕು ಎಂದರೆ ಇಷ್ಟೇ. ಪ್ಲ್ಯಾನು, ಸೆಕ್ಷನ್ನುಗಳನ್ನು ಎಸೆಯಬೇಕೆಂದಲ್ಲ. ಎಲ್ಲಿ ಅವು ಮೂಕವಾಗುತ್ತವೋ ಅಲ್ಲಿ ಮಾದರಿಯಿಂದ ಒಂದು ನೋಟ ಕೊಯ್ದು ಪಕ್ಕದಲ್ಲಿ ಇಡಬೇಕು.

ಎಲ್ಲೆಲ್ಲಿ ಅವು ಮೂಕವಾಗುತ್ತವೆ? ಬಚ್ಚಲುಮನೆಯನ್ನೇ ನೋಡಿ. ಅಲ್ಲಿನ ನೆಲ ಉಳಿದ ನೆಲಕ್ಕಿಂತ ತಗ್ಗು, ಅದರೊಳಗೆ ಕೊಳವೆಗಳು. 4 ಇಂಚಿನ ಕೊಳವೆ 40ಕ್ಕೆ 1ರಂತೆ ಇಳಿಜಾರಾಗಿ 10 ಅಡಿ ಹೋದರೆ 3 ಇಂಚು ಕೆಳಗಿಳಿಯುತ್ತದೆ. ಕೊಳವೆಯ ನಕ್ಷೆಯಲ್ಲಿ ಅದು ಗೋಡೆ ದಾಟುವ ಒಂದು ಚುಕ್ಕಿಗೆರೆ. ಆ ಗೋಡೆಯ ಕೆಳಗೆ ತೊಲೆ ಇದೆ ಎನ್ನುವುದು ಇನ್ನೊಂದು ಹಾಳೆಯಲ್ಲಿ, ಇನ್ನೊಬ್ಬರ ಕೈಬರಹದಲ್ಲಿ. ಎರಡೂ ಹಾಳೆ ತಮ್ಮ ತಮ್ಮಷ್ಟಕ್ಕೆ ಸರಿ. ಕೊಳವೆ ಜೋಡಿಸುವವನು ಬಂದು ನಿಂತಾಗ ಮಾತ್ರ ಕೊಳವೆ ಮತ್ತು ತೊಲೆ ಒಂದೇ ಜಾಗಕ್ಕೆ ಹಕ್ಕು ಹೂಡುತ್ತವೆ. ಗೆಲ್ಲುವುದು ಕೊಳವೆಯೇ, ಏಕೆಂದರೆ ಉಳಿ ಸುತ್ತಿಗೆ ಅದರ ಕಡೆಯವನ ಕೈಯಲ್ಲಿರುತ್ತದೆ! ತೊಲೆಗೆ ತೂತು ಬೀಳುತ್ತದೆ. ಸಲಾಕೆ ತುಂಡಾದರೂ ಗಿಲಾವಿನಡಿ ಮುಚ್ಚಿಹೋಗುತ್ತದೆ.

ತೊಲೆಗಳು ಕಂಬದ ತಲೆಯ ಮೇಲೆ ಕೂಡುವ ಜಾಗ ಇನ್ನೂ ಸೂಕ್ಷ್ಮ. ಪೂರ್ವ-ಪಶ್ಚಿಮದ ತೊಲೆಯ ಸಲಾಕೆಗಳೂ ಉತ್ತರ-ದಕ್ಷಿಣದ ತೊಲೆಯ ಸಲಾಕೆಗಳೂ ಒಂದೇ ಮಟ್ಟದಲ್ಲಿ ಬರೆದಿರುತ್ತವೆ. ಎರಡು ಘನವಸ್ತುಗಳು ಒಂದೇ ಜಾಗದಲ್ಲಿ ಇರಲಾರವು ಎಂದು ಎಂಟನೆಯ ತರಗತಿಯ ಹುಡುಗನಿಗೂ ಗೊತ್ತು. ಹಾಗಾಗಿ ಒಂದು ಇನ್ನೊಂದರ ಕೆಳಗೆ ನುಸುಳಲೇಬೇಕು, ನುಸುಳಿದ ತೊಲೆಯ ಬಲ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಇವುಗಳ ನಡುವೆ ಕಂಬದ ಸಲಾಕೆಗಳು ಬೇರೆ ಮೇಲೆ ಏರಬೇಕು. 20 ಮಿಲಿಮೀಟರಿನ ಖಡಿ ಇಳಿಯಲು ಸಂದೇ ಇಲ್ಲದೆ ಕಾಂಕ್ರೀಟು ಜೇನುಗೂಡಿನಂತೆ ಪೊಳ್ಳಾಗುತ್ತದೆ. ಮನೆಯ ಅತಿ ಮುಖ್ಯವಾದ ಗಂಟಿನಲ್ಲಿ ಹೀಗಾಗುತ್ತದೆ. ಈ ಗಂಟಿನ ಒಂದು ದೊಡ್ಡ ಚಿತ್ರವನ್ನು, ಪ್ರತಿ ಸಲಾಕೆಗೂ ಅದರ ನಿಜವಾದ ದಪ್ಪ ಕೊಟ್ಟು, ಮೂರು ಆಯಾಮದಲ್ಲಿ ಬರೆದರೆ ಯಾವುದು ಮೇಲೆ ಯಾವುದು ಕೆಳಗೆ ಎನ್ನುವುದು ಕೆಲಸಕ್ಕೆ ಮುಂಚೆಯೇ ಇತ್ಯರ್ಥವಾಗುತ್ತದೆ.

ಮಾಳಿಗೆಯ ನೀರಿನ ಇಳಿಜಾರಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಳೆಗಾಲದಲ್ಲಿ ಗೋಡೆಯ ಮೂಲೆಯಲ್ಲಿ ಪಾಚಿಯ ಬಣ್ಣ ಕಂಡವರಿಗೆಲ್ಲ ಅದು ಗೊತ್ತು.

ಕಟ್ಟುವವನಿಗೆ ಇಡೀ ಕಟ್ಟಡವನ್ನು ಚಿಕ್ಕದಾಗಿ ಮಾಡಿ ತೋರಿಸುವ ಬುದ್ಧಿ ಕಂಪ್ಯೂಟರಿನಿಂದ ಬಂದದ್ದಲ್ಲ. ಫ್ಲಾರೆನ್ಸಿನ ದೊಡ್ಡ ಚರ್ಚಿನ ಗುಮ್ಮಟವನ್ನು 1420ರಿಂದ 1436ರವರೆಗೆ ಏರಿಸಿದ ಬ್ರುನೆಲೆಸ್ಕಿ ಮೊದಲೇ ಅದರ ದೊಡ್ಡ ಮಾದರಿಯನ್ನು ಮಾಡಿಸಿದ್ದ. ಅಷ್ಟೇ ಅಲ್ಲ, ಕಲ್ಲು ಕಡಿಯುವವರಿಗೆ ಕೂಡುಗಳನ್ನು ತಿಳಿಸಲು ಮೇಣ, ಮಣ್ಣು, ಕಟ್ಟಿಗೆ, ಕೊನೆಗೆ ಟರ್ನಿಪ್ ಗಡ್ಡೆಯನ್ನು ಕೂಡ ಕೆತ್ತಿ ಕೊಡುತ್ತಿದ್ದ ಎಂದು ಅವನ ಚರಿತ್ರೆ ಬರೆದವರು ಹೇಳಿದ್ದಾರೆ. ಗಡ್ಡೆಯಲ್ಲಿ ಕೆತ್ತಿದ ನಕ್ಷೆ! ಕೆಲಸಗಾರನಿಗೆ ಅರ್ಥವಾಗಬೇಕು, ಉಳಿದದ್ದೆಲ್ಲ ಆಮೇಲೆ ಎನ್ನುವ ಆ ಮನಸ್ಸನ್ನು ಮೆಚ್ಚಬೇಕು.

ಅಷ್ಟು ದೂರ ಹೋಗುವುದೂ ಬೇಡ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಹೊರಗೋಡೆಯನ್ನು ನಿಧಾನವಾಗಿ ನೋಡಿದವರಿಗೆ ಅಲ್ಲಿ ಅಂಗೈಯಗಲದಿಂದ ಮೊಳದೆತ್ತರದವರೆಗಿನ ಪುಟ್ಟ ಪುಟ್ಟ ಶಿಖರಗಳು ಕಾಣುತ್ತವೆ. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಗುಡಿಯ ಗೋಡೆಯ ಮೇಲೆಯೇ ಬಗೆಬಗೆಯ ಗುಡಿಗಳನ್ನು ಚಿಕ್ಕದಾಗಿ ಕೆತ್ತಿದರು. ಅವು ಅಲಂಕಾರ, ಹೌದು. ಆದರೆ ಇಡೀ ಕಟ್ಟಡವನ್ನು ಘನವಾಗಿ ಮನಸ್ಸಿನಲ್ಲಿ ಹಿಡಿದು ತಿರುಗಿಸಬಲ್ಲವರ ಅಲಂಕಾರ.

ಕಲಬುರಗಿಯ ಕೋಟೆಯೊಳಗಿನ ಜಾಮಾ ಮಸೀದಿಗೆ ಶಾಲಾ ಮಕ್ಕಳನ್ನು ಕರೆದುಕೊಂಡು ಹೋಗುವುದುಂಟು. 1367ರ ಆ ಕಟ್ಟಡ 216 ಅಡಿ ಉದ್ದ, 176 ಅಡಿ ಅಗಲ. ಕಟ್ಟಿದವನು ಕಜ್ವೀನಿನ ರಫಿ ಎಂದು ಶಾಸನ ಹೇಳುತ್ತದೆ. ಸಾಮಾನ್ಯವಾಗಿ ಮಸೀದಿಗಳ ನಡುವೆ ಇರುವ ತೆರೆದ ಅಂಗಳ ಇಲ್ಲಿಲ್ಲ, ಪೂರ್ತಿ ಛಾವಣಿಯೇ. ಇದರ ಪ್ಲ್ಯಾನನ್ನು ಕಾಗದದಲ್ಲಿ ನೋಡಿದರೆ ಚೌಕಳಿಯ ಬಟ್ಟೆಯಂತೆ ಬರೀ ಚುಕ್ಕಿ ಮತ್ತು ಚೌಕ. ಒಳಗೆ ಹೋಗಿ ನಿಂತಾಗಲೇ ಆ ಚುಕ್ಕಿಗಳು ಕಂಬಗಳಾಗಿ, ಚೌಕಗಳು ಗುಮ್ಮಟಗಳಾಗಿ, ಅಡ್ಡ ಸಾಲು ಉದ್ದ ಸಾಲುಗಳಲ್ಲಿ ಕಮಾನಿನೊಳಗೆ ಕಮಾನು ಸರಿಯುತ್ತಾ ಹೋಗುವುದು ಕಾಣುವುದು.

ವಿಜಾಪುರದ ಗೋಲಗುಮ್ಮಟದ ಕತೆ ಇನ್ನೂ ಒಂದು ಹೆಜ್ಜೆ ಮುಂದೆ. ಒಳಗಿನ ಚೌಕ ಒಂದೊಂದು ಬದಿಗೆ 135 ಅಡಿಗಿಂತ ಹೆಚ್ಚು. ಅದರ ಮೇಲೆ ದುಂಡನೆಯ ಗುಮ್ಮಟ ಕೂರಬೇಕು. ಒಂದರ ಮೇಲೊಂದು ಓರೆಯಾಗಿಟ್ಟ ಎರಡು ಚೌಕಗಳ ಬದಿಗಳಿಂದ ಎಂಟು ಕಮಾನುಗಳು ಎದ್ದು, ಒಂದನ್ನೊಂದು ಕತ್ತರಿಸಿ, ಮೇಲೆ ಹೋದಂತೆ ಒಳಬಾಗಿ ದುಂಡಿಗೆ ಆಸರೆಯಾಗುತ್ತವೆ. ಇದನ್ನು ಪ್ಲ್ಯಾನಿನಲ್ಲಿ ಬರೆದರೆ ಎಂಟು ಮೂಲೆಯ ನಕ್ಷತ್ರ, ರಂಗೋಲಿಯಂತೆ ಚೆಂದ. ಆ ನಕ್ಷತ್ರದಿಂದ ಕಮಾನು ಹೇಗೆ ಬಾಗಿದೆ ಎಂದು ಹೇಳಿ ನೋಡಿ! ಪಿಸುಮಾತಿನ ಗ್ಯಾಲರಿಯಲ್ಲಿ ಕೂಗಿ ಕೂಗಿ ಗಂಟಲು ಹರಿದುಕೊಳ್ಳುವ ಮಕ್ಕಳು ಮೇಲೇರುವ ಮೊದಲು ಕೆಳಗೆ ಐದು ನಿಮಿಷ ಕತ್ತೆತ್ತಿ ನಿಂತರೆ ಒಂದು ವರ್ಷದ ಡ್ರಾಯಿಂಗ್ ಪಾಠ ಸಿಕ್ಕುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ಎಚ್ಚರಿಕೆಯ ಮಾತೂ ಬೇಕು. ಕಣ್ಣಿಗೆ ಕಂಡಂತೆ ಬರೆದ ಚಿತ್ರದಲ್ಲಿ ದೂರದ್ದು ಸಣ್ಣದು, ಹತ್ತಿರದ್ದು ದೊಡ್ಡದು. ಅದರ ಮೇಲೆ ಟೇಪು ಹಿಡಿದರೆ ಅನರ್ಥ. ಕೇಂಬ್ರಿಜ್‌ನ ವಿಲಿಯಂ ಫ್ಯಾರಿಷ್ 1822ರಲ್ಲಿ ಪ್ರಚಾರಕ್ಕೆ ತಂದ ಐಸೋಮೆಟ್ರಿಕ್ ಚಿತ್ರದಲ್ಲಿ ಉದ್ದ, ಅಗಲ, ಎತ್ತರದ ಮೂರು ದಿಕ್ಕಿಗೆ ಮಾತ್ರ ಒಂದೇ ಅಳತೆ ನಿಲ್ಲುತ್ತದೆ. ಓರೆ ಗೆರೆಯ ಅಳತೆ ಸುಳ್ಳು, ಚೌಕ ವಜ್ರಾಕೃತಿಯಾಗುತ್ತದೆ, ವೃತ್ತ ಮೊಟ್ಟೆಯಾಗುತ್ತದೆ. ಆದ್ದರಿಂದ ಅಳತೆ ಪ್ಲ್ಯಾನಿನಲ್ಲೇ ಇರಲಿ, ಸೆಕ್ಷನ್ನಿನಲ್ಲೇ ಇರಲಿ. ಮೂರು ಆಯಾಮದ ನೋಟದ ಕೆಳಗೆ 'ಇದರಿಂದ ಅಳತೆ ತೆಗೆಯಬಾರದು' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಲಿ. ನಕ್ಷೆಯಲ್ಲಿ ಬರೆದ ಅಂಕಿಯೇ ಪ್ರಮಾಣ, ಸ್ಕೇಲು ಇಟ್ಟು ಅಳೆದದ್ದಲ್ಲ ಎನ್ನುವುದು ಹಳೆಯ ನಿಯಮ. ಅದು ಇಲ್ಲಿ ಇಮ್ಮಡಿ ಸತ್ಯ.

ಇನ್ನೊಂದು ಅಪಾಯ ಹೆಚ್ಚು ಮನೆಗಳಲ್ಲಿ ಕಾಣುವಂಥದ್ದು. ಬಣ್ಣದ ಚಿತ್ರ ಮಾಡುವವರೇ ಒಬ್ಬರು, ನಕ್ಷೆ ಬರೆಯುವವರೇ ಇನ್ನೊಬ್ಬರು. ಚಿತ್ರದವರು ಪ್ಲ್ಯಾನನ್ನು ಒಮ್ಮೆ ನೋಡಿ ತಮ್ಮದೇ ಮಾದರಿ ಕಟ್ಟಿಕೊಳ್ಳುತ್ತಾರೆ; ಅದರಲ್ಲಿ ಬಾಲ್ಕನಿ ಒಂದಡಿ ಹೆಚ್ಚು ಚಾಚುತ್ತದೆ, ಕಿಟಕಿ ಮೂಲೆಗೆ ಸರಿಯುತ್ತದೆ, ಕಂಬವೊಂದು ಸದ್ದಿಲ್ಲದೆ ಮಾಯವಾಗುತ್ತದೆ. ಮಾಲೀಕರು ಚಿತ್ರಕ್ಕೆ ಮನಸೋತು "ಹೀಂಗ ಬೇಕು" ಎನ್ನುತ್ತಾರೆ. ಗವಂಡಿ ಯಾರ ಮಾತು ಕೇಳಬೇಕು? ಎರಡೂ ಒಂದೇ ಮಾದರಿಯಿಂದ ಹುಟ್ಟಿದರೆ ಈ ಜಗಳವಿಲ್ಲ. ಮಾದರಿಯಲ್ಲಿ ಗೋಡೆಯನ್ನು ಒಂದು ಸಲ ಸರಿಸಿದರೆ ಪ್ಲ್ಯಾನು, ಸೆಕ್ಷನ್ನು, ಓರೆ ನೋಟ, ಬಾಗಿಲ ಪಟ್ಟಿ ಎಲ್ಲವೂ ಒಟ್ಟಿಗೆ ಸರಿಯುವ ವ್ಯವಸ್ಥೆ ಹೊಸದೇನಲ್ಲ. ಬುಡಾಪೆಸ್ಟಿನಲ್ಲಿ ಹುಟ್ಟಿದ ಆರ್ಕಿಕ್ಯಾಡ್ 1980ರ ದಶಕದ್ದು, ರೆವಿಟ್ 2000ದ್ದು. ಇದಕ್ಕೆ ಇಂದು 'ಬಿಮ್' ಎಂಬ ಹೆಸರು ರೂಢಿಯಾಗಿದೆ. ಕಟ್ಟಡದ ಮಾಹಿತಿಯನ್ನೆಲ್ಲ ಹೊತ್ತ ಮಾದರಿ ಎಂದು ಅರ್ಥ. ಬ್ರಿಟನ್ 2016ರಿಂದ ತನ್ನ ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ ಇದನ್ನು ಕಡ್ಡಾಯ ಮಾಡಿತು. ನಾಗಪುರದ ಮೆಟ್ರೊ ಕಟ್ಟುವಾಗ ಮೂರು ಆಯಾಮಗಳಿಗೆ ವೇಳಾಪಟ್ಟಿ ಮತ್ತು ಖರ್ಚನ್ನೂ ಸೇರಿಸಿ 'ಐದು ಆಯಾಮ' ಎಂದು ಕರೆದು ಬಳಸಿದರು. ಮೆಟ್ರೊಗೆ ಸಲ್ಲುವ ಎಚ್ಚರ 20 ಅಡಿಯ ಮನೆಗೆ ಏಕೆ ಸಲ್ಲಬಾರದು? ಮೆಟ್ರೊದಲ್ಲಿ ತೂತು ಬಿದ್ದರೆ ಮುಚ್ಚಲು ಸರ್ಕಾರವಿದೆ.

ಮಾದರಿಯಿಂದ ತೆಗೆಯಬಹುದಾದ ಇನ್ನೊಂದು ನೋಟವನ್ನು ಕಲಬುರಗಿಯವರು ಬಿಡಲೇಬಾರದು, ಅದು ನೆರಳಿನ ನೋಟ. ಬೇಸಿಗೆ ಎಂದರೇನು ಎಂದು ಇಲ್ಲಿಯವರಿಗೆ ಹೇಳಿಕೊಡಬೇಕಿಲ್ಲ. ಊರು ಇರುವುದು ಉತ್ತರ ಅಕ್ಷಾಂಶ ಸುಮಾರು 17.3 ಡಿಗ್ರಿಯಲ್ಲಿ. ಹಾಗಾಗಿ ಮೇ 10ರ ಸುಮಾರಿಗೆ ಮತ್ತು ಆಗಸ್ಟ್ 3ರ ಸುಮಾರಿಗೆ ನಡುಹಗಲ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಇವೆರಡರ ನಡುವೆ ಅವನು ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ! ಉತ್ತರದ ಗೋಡೆಗೆ ಬಿಸಿಲೇ ಬೀಳದು ಎಂಬ ನಂಬಿಕೆ ಆ ಮೂರು ತಿಂಗಳು ಸುಳ್ಳು. ಡಿಸೆಂಬರ್ 21ಕ್ಕೆ ಅವನು ದಕ್ಷಿಣದಲ್ಲಿ 49 ಡಿಗ್ರಿಗೆ ಇಳಿದಿರುತ್ತಾನೆ.

ಪಶ್ಚಿಮದ ಕಿಟಕಿಗೆ ಬನ್ನಿ. ಮೇ ತಿಂಗಳ ನಡುವೆ ಸಂಜೆ ನಾಲ್ಕೂವರೆಗೆ ಸೂರ್ಯ ದಿಗಂತದಿಂದ ಸುಮಾರು 30 ಡಿಗ್ರಿ ಮೇಲೆ, ಹೆಚ್ಚುಕಡಿಮೆ ನೇರ ಪಶ್ಚಿಮದಲ್ಲಿ. 2 ಅಡಿ ಚಾಚಿದ ಛಜ್ಜಾ ಆ ಹೊತ್ತಿಗೆ ಕೊಡುವ ನೆರಳು 1 ಅಡಿ 2 ಇಂಚು. 4 ಅಡಿಯ ಕಿಟಕಿಯಲ್ಲಿ ಉಳಿದದ್ದೆಲ್ಲ ಉರಿ. ಛಜ್ಜಾವನ್ನು ಇನ್ನೊಂದು ಅಡಿ ಉದ್ದ ಮಾಡಿದರೂ ಅರ್ಧ ಕಿಟಕಿ ಸುಡುತ್ತದೆ. ಅಲ್ಲಿ ಬೇಕಾದದ್ದು ಜಾಲಂಧ್ರ ಅಥವಾ ಒಂದು ಬೇವಿನ ಮರ, ಇಲ್ಲವೇ ಕಿಟಕಿಯನ್ನೇ ಬೇರೆ ಗೋಡೆಗೆ ಕಳಿಸುವುದು. ಮಾದರಿಗೆ ಊರಿನ ಅಕ್ಷಾಂಶ ರೇಖಾಂಶ ಕೊಟ್ಟು, ತಾರೀಖು ವೇಳೆ ಹಾಕಿದರೆ ಕಂಪ್ಯೂಟರು ಈ ನೆರಳನ್ನು ತಾನೇ ಬೀಳಿಸುತ್ತದೆ. ಆದರೂ ಫ್ಲೆಕ್ಸಿನ ಚಿತ್ರದಲ್ಲಿ ಮಾತ್ರ ಯಾವಾಗಲೂ ಹಿತವಾದ ಬೆಳಗಿನ ಬಿಸಿಲು! ಎಲ್ಲ ಮನೆಗಳೂ ಪೂರ್ವಕ್ಕೇ ಮುಖ ಮಾಡಿವೆಯೇನೋ ಎನಿಸುವಂತೆ.

ಮನೆ ಕಟ್ಟಿಸುವ ತಂದೆತಾಯಿಗಳು ನಕ್ಷೆಗೆ ಹಣ ಕೊಡುವಾಗ ಎಲಿವೇಷನ್ನಿನ ಬಣ್ಣಕ್ಕೆ ಹಟ ಹಿಡಿಯುವ ಬದಲು ಒಂದೆರಡು ಬೇರೆ ನೋಟ ಕೇಳಬಹುದು. ಮುಚ್ಚಳ ತೆಗೆದ ಡಬ್ಬಿಯಂತೆ ಛಾವಣಿ ಎತ್ತಿದ ಮನೆ, ಉದ್ದಕ್ಕೆ ಸೀಳಿದ ಮೆಟ್ಟಿಲು, ಕೊಳವೆ ತೊಲೆ ಎರಡೂ ಇರುವ ಬಚ್ಚಲು, ಮೇ ತಿಂಗಳ ಸಂಜೆಯ ಪಶ್ಚಿಮ ಗೋಡೆ. ಕೇಳಿದವರಿಗೆ ಕೊಡಲಾಗದ ವಸ್ತುಗಳಲ್ಲ ಇವು. ಕೇಳುವವರು ಇಲ್ಲದ್ದರಿಂದ ಕೊಡುವವರೂ ಇಲ್ಲ.

ವಿದ್ಯಾರ್ಥಿಗಳಿಗೆ ಕಂಪ್ಯೂಟರು ಸಿಕ್ಕರೆ ಫ್ರೀಕ್ಯಾಡ್, ಬ್ಲೆಂಡರ್ ದುಡ್ಡಿಲ್ಲದೆ ದೊರೆಯುತ್ತವೆ, ಸ್ಕೆಚ್‌ಅಪ್‌ನ ಉಚಿತ ಆವೃತ್ತಿಯೂ ಇದೆ. ಸಿಗದಿದ್ದರೆ ಬಟ್ಟೆ ಸಾಬೂನು, ಬದನೆಕಾಯಿ, ರಟ್ಟು ಸಾಕು. ಸಾಬೂನನ್ನು ಮೂರು ಬಗೆಯಲ್ಲಿ ಕೊಯ್ದು, ಕೊಯ್ಯುವ ಮೊದಲು ಒಳಮುಖ ಹೇಗಿರುತ್ತದೆಂದು ಬರೆದಿಟ್ಟು, ಕೊಯ್ದ ಮೇಲೆ ಹೋಲಿಸಿ ನೋಡಬೇಕು. ಬದನೆಕಾಯಿ ಇನ್ನೂ ಒಳ್ಳೆಯದು, ಅದರೊಳಗೆ ಬೀಜಗಳೂ ಇರುತ್ತವೆ. ಮನೆಯ ಮೆಟ್ಟಿಲನ್ನು ಟೇಪಿನಿಂದ ಅಳೆದು ಒಂದು ಐಸೋಮೆಟ್ರಿಕ್ ಚಿತ್ರ ಬರೆಯಬೇಕು. ಪಾವಟಿಗೆಗಳ ಎತ್ತರ ಎಲ್ಲ ಒಂದೇ ಇದೆಯೇ ಎಂದು ಆಗ ಗೊತ್ತಾಗುತ್ತದೆ. ಕೊನೆಯ ಪಾವಟಿಗೆಯಲ್ಲಿ ಅನೇಕರು ಎಡವುವುದು ಸುಮ್ಮನೆ ಅಲ್ಲ.

ರಟ್ಟಿನಲ್ಲಿ ಮನೆಯ ಮಾದರಿ ಮಾಡಿದವರು ಅದನ್ನು ಅಟ್ಟಕ್ಕೆ ಹಾಕುವ ಮೊದಲು ಬೇಸಿಗೆಯ ಒಂದು ದಿನ ಮಾಳಿಗೆಯ ಮೇಲೆ ಒಯ್ಯಲಿ. ಅದರ ಮುಂಬಾಗಿಲು ನಿಜವಾದ ಮನೆಯ ಮುಂಬಾಗಿಲಿನ ದಿಕ್ಕಿಗೇ ಇರುವಂತೆ ಸಮತಟ್ಟಾಗಿ ಇಡಲಿ. ಮನೆ ಚಿಕ್ಕದಾದರೂ ಸೂರ್ಯ ಅದೇ, ಕೋನವೂ ಅದೇ, ಆದ್ದರಿಂದ ಅಲ್ಲಿ ಬೀಳುವ ನೆರಳು ದೊಡ್ಡ ಮನೆಯ ನೆರಳಿನ ಸರಿಯಾದ ಪಡಿಯಚ್ಚು. ಮೇ 10ರ ಮಧ್ಯಾಹ್ನ 12 ಗಂಟೆ 20 ನಿಮಿಷದ ಸುಮಾರಿಗೆ ಗೋಡೆಗಳಿಗೆ ನೆರಳೇ ಇರುವುದಿಲ್ಲ. ಸಂಜೆ ನಾಲ್ಕೂವರೆಗೆ ಮತ್ತೆ ಹೋಗಿ, ಪಶ್ಚಿಮದ ಕಿಟಕಿಯ ಮೇಲೆ ಛಜ್ಜಾದ ನೆರಳು ಎಲ್ಲಿಗೆ ನಿಂತಿದೆಯೋ ಅಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಮತ್ತು ವೇಳೆ ಬರೆಯಬೇಕು.